ತಾರೀಖು ಸಿಗದ ಛತ್ರಪತಿ

ಪತ್ರಿಕೆಗಳ ಒಳಪುಟದಲ್ಲಿ, ದಿನಭವಿಷ್ಯಕ್ಕೂ ಪದಬಂಧಕ್ಕೂ ಕೊಟ್ಟು ಉಳಿದ ಜಾಗದಲ್ಲಿ ಅಚ್ಚಾಗುವ ‘ಇತಿಹಾಸದಲ್ಲಿ ಈ ದಿನ’ ಎಂಬ ಚೌಕಕ್ಕೆ ಇರುವ ಅರ್ಹತಾ ಪರೀಕ್ಷೆ ಒಂದೇ: ಘಟನೆಗೆ ತಾರೀಖು ಇರಬೇಕು. ಘಟನೆ ದೊಡ್ಡದೋ ಸಣ್ಣದೋ, ಅಳಿಸುವಂಥದೋ ನಗಿಸುವಂಥದೋ ಎಂದು ಚೌಕ ಕೇಳುವುದಿಲ್ಲ. ತಿಂಗಳು ಮತ್ತು ದಿನ ಗೊತ್ತಿದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಈ ನಿಯಮವನ್ನು ಬಾಗಲಕೋಟೆ ಜಿಲ್ಲೆಗೆ, ಅದರಲ್ಲೂ ಬಾದಾಮಿ ಮತ್ತು ಹುನಗುಂದದ ಸೀಮೆಗೆ ಅನ್ವಯಿಸಿದಾಗ ವಿಚಿತ್ರವಾದ ಫಲಿತಾಂಶ ದೊರೆಯುತ್ತದೆ. ಸುಮಾರು ಹದಿನೈದು ಶತಮಾನಗಳಿಂದ ಕಲ್ಲು, ತಾಮ್ರ ಮತ್ತು ಕಾಗದಗಳ ಮೇಲೆ ಬರೆಯುತ್ತಲೇ ಬಂದಿರುವ ಈ ಸೀಮೆಯಲ್ಲಿ ದಾನ, ದಂಡ ಮತ್ತು ಸರ್ಕಾರಿ ಸಮಾರಂಭಗಳಿಗೆ ಖಚಿತವಾದ ದಿನ ಸಿಗುತ್ತದೆ. ಓದುಗನ ತುಟಿಯಂಚಿನಲ್ಲಿ ನಗೆ ಮೂಡಿಸುವ ಘಟನೆಗಳಿಗೆ ಮಾತ್ರ ಹೆಚ್ಚಾಗಿ ವರ್ಷವೊಂದೇ ಗತಿ, ಕೆಲವಕ್ಕೆ ಅದೂ ಇಲ್ಲ.

ಖಚಿತವಾದ ದಿನಗಳಿಂದಲೇ ಆರಂಭಿಸುವುದು ನ್ಯಾಯ. ಬಾದಾಮಿಯ ಮೂರನೆಯ ಗುಹೆಯನ್ನು ವಿಷ್ಣುವಿಗಾಗಿ ಕೊರೆಯಿಸಿದ ಚಾಲುಕ್ಯ ಮಂಗಲೇಶನು, ತನ್ನ ಅಣ್ಣ ಒಂದನೆಯ ಕೀರ್ತಿವರ್ಮನ ಆಳ್ವಿಕೆಯ ಹನ್ನೆರಡನೆಯ ವರ್ಷದಲ್ಲಿ, ಶಕವರ್ಷ 500 ಕಳೆದಾಗ, ಕಾರ್ತಿಕ ಹುಣ್ಣಿಮೆಯಂದು ಅಲ್ಲಿ ದೇವರ ಪ್ರತಿಷ್ಠೆ ಮಾಡಿಸಿ ಊರೊಂದನ್ನು ದತ್ತಿ ಬಿಟ್ಟನೆಂದು ಅಲ್ಲಿನ ಸಂಸ್ಕೃತ ಶಾಸನ ತಿಳಿಸುತ್ತದೆ. ಶಕವರ್ಷಕ್ಕೆ 78ನ್ನು ಕೂಡಿಸಿದರೆ ಕ್ರಿಸ್ತಶಕ ದೊರೆಯುವುದರಿಂದ ಇದು 578 ಎಂಬುದರಲ್ಲಿ ವಿವಾದವಿಲ್ಲ. ಆದರೆ ಚೌಕಕ್ಕೆ ಬೇಕಾದುದು ವರ್ಷವಲ್ಲ, ದಿನ. ಆ ಹುಣ್ಣಿಮೆಯನ್ನು ಕೆಲವರು ಅಕ್ಟೋಬರ್ 31 ಎಂದರೆ ಕೆಲವರು ನವೆಂಬರ್ 1 ಎನ್ನುತ್ತಾರೆ.

ಈ ಒಂದು ದಿನದ ಅಂತರಕ್ಕೆ ವಿದ್ವಾಂಸರ ಅಜಾಗರೂಕತೆ ಕಾರಣವಲ್ಲ, ಚಂದ್ರನ ನಡಿಗೆ ಕಾರಣ. ತಿಥಿ ಎಂದರೆ ಸೂರ್ಯನಿಂದ ಚಂದ್ರ ಹನ್ನೆರಡು ಡಿಗ್ರಿಯಷ್ಟು ದೂರ ಸರಿಯಲು ಹಿಡಿಯುವ ಕಾಲ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಇಂಥವು ಮೂವತ್ತು. ಆದರೆ ಚಾಂದ್ರಮಾಸದ ಉದ್ದ ಸುಮಾರು ಇಪ್ಪತ್ತೊಂಬತ್ತೂವರೆ ದಿನ ಮಾತ್ರವಾದ್ದರಿಂದ, ಮತ್ತು ಚಂದ್ರನ ವೇಗವೂ ಏಕರೂಪವಾಗಿಲ್ಲದ್ದರಿಂದ, ಒಂದು ತಿಥಿ ಹತ್ತೊಂಬತ್ತು ಗಂಟೆಗೂ ಮುಗಿಯಬಹುದು, ಇಪ್ಪತ್ತಾರು ಗಂಟೆಯವರೆಗೂ ಎಳೆಯಬಹುದು. ಹೀಗಾಗಿ ಒಂದೇ ಹುಣ್ಣಿಮೆ ಎರಡು ತಾರೀಖುಗಳ ಮೇಲೆ ಕಾಲು ಚಾಚಿ ಮಲಗುವುದು ಸಾಮಾನ್ಯ ಸಂಗತಿಯಾಗಿದೆ. ಇಳಕಲ್ಲ ಸೀರೆಯ ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆಯಾಗಿ ಸಿದ್ಧಪಡಿಸಿ, ಎಳೆಗೆ ಎಳೆ ಕುಣಿಕೆ ಹಾಕಿ ಸೇರಿಸುವ ವಿಧಾನಕ್ಕೆ ನೇಕಾರರು ‘ಕೊಂಡಿ’ ಎನ್ನುತ್ತಾರೆ. ಪಂಚಾಂಗದ ದಿನವನ್ನು ಕ್ಯಾಲೆಂಡರಿನ ದಿನಕ್ಕೆ ಸೇರಿಸುವುದೂ ಅಂಥದೇ ಕೊಂಡಿಯ ಕೆಲಸ, ಒಂದು ಎಳೆ ತಪ್ಪಿದರೆ ಮುಂದಿನ ಎಲ್ಲ ಎಳೆಗಳೂ ಒಂದೊಂದು ಸ್ಥಾನ ಸರಿಯುತ್ತವೆ. ಈ ಜೋಡಣೆಗೆ ನೆರವಾಗಲೆಂದೇ ರಾಬರ್ಟ್ ಸೀವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರು 1896ರಲ್ಲಿ ಭಾರತೀಯ ಪಂಚಾಂಗದ ಕುರಿತು ಕೋಷ್ಟಕಗಳುಳ್ಳ ಗ್ರಂಥವನ್ನು ಹೊರತಂದರು, ಅನಂತರ ಸ್ವಾಮಿಕಣ್ಣು ಪಿಳ್ಳೆಯವರು ಇನ್ನೂ ವಿಸ್ತಾರವಾದ ಕೋಷ್ಟಕಗಳನ್ನು ಸಿದ್ಧಪಡಿಸಿದರು.

ಎರಡು ತಾರೀಖುಗಳಲ್ಲಿ ನವೆಂಬರ್ 1ನ್ನೇ ಒಪ್ಪಿಕೊಂಡರೆ ಕನ್ನಡಿಗರಿಗೆ ಬಲು ಹಿತವಾದ ಪರಿಣಾಮವೊಂದು ಒದಗುತ್ತದೆ. 1956ರಲ್ಲಿ ಏಕೀಕೃತ ರಾಜ್ಯ ಹುಟ್ಟಿದ್ದೂ, 1973ರಲ್ಲಿ ಅದಕ್ಕೆ ಕರ್ನಾಟಕವೆಂದು ಹೆಸರಾದದ್ದೂ ಅದೇ ದಿನವಾದ್ದರಿಂದ, ಮಂಗಲೇಶನು ಹದಿಮೂರು ಶತಮಾನಗಳಿಗೂ ಮುಂಚೆಯೇ ರಾಜ್ಯೋತ್ಸವವನ್ನು ಆಚರಿಸಿ ದತ್ತಿಯನ್ನೂ ಕೊಟ್ಟಿದ್ದನೆಂದು ಭಾಷಣಕಾರರು ಘೋಷಿಸಬಹುದು. ಆದರೆ ಈ ಸಂತೋಷವನ್ನು ಕೆಡಿಸಲು ರೋಮಿನಲ್ಲಿ ಹದಿಮೂರನೆಯ ಪೋಪ್ ಗ್ರೆಗರಿ ಕುಳಿತಿದ್ದಾನೆ. ಹಳೆಯ ಜೂಲಿಯನ್ ಪಂಚಾಂಗವು ಋತುಗಳಿಗಿಂತ ಹಿಂದೆ ಬಿದ್ದಿದೆಯೆಂದು ಅವನು 1582ರ ಅಕ್ಟೋಬರ್ 4ರ ಮರುದಿನವನ್ನು ಅಕ್ಟೋಬರ್ 15 ಎಂದು ಎಣಿಸಲು ಆಜ್ಞಾಪಿಸಿದ. ಇಂದು ಗೋಡೆಯ ಮೇಲೆ ತೂಗುವುದು ಆ ತಿದ್ದುಪಡಿಯಾದ ಪಂಚಾಂಗ. ಅದೇ ಲೆಕ್ಕವನ್ನು ಆರನೆಯ ಶತಮಾನಕ್ಕೆ ಹಿಂದಕ್ಕೆ ಒಯ್ದರೆ ಎರಡು ದಿನ ಕೂಡಿಸಬೇಕಾಗುತ್ತದೆ, ಮಂಗಲೇಶನ ನವೆಂಬರ್ 1 ನವೆಂಬರ್ 3ಕ್ಕೆ ಜಾರುತ್ತದೆ, ಅಷ್ಟರಲ್ಲಿ ರಾಜ್ಯೋತ್ಸವದ ಪೆಂಡಾಲು ಬಿಚ್ಚಿಯಾಗಿರುತ್ತದೆ.

ಈ ಗೊಂದಲ ಬಾದಾಮಿಯ ಜನರನ್ನು ಬಾಧಿಸುವುದಿಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು. ಬನಶಂಕರಿಯ ತೇರು ಎಳೆಯುವುದು ಪುಷ್ಯ ಮಾಸದ ಹುಣ್ಣಿಮೆಯಂದು, ಆ ಸೀಮೆಯ ಮಾತಿನಲ್ಲಿ ಬನದ ಹುಣ್ಣಿವಿಯಂದು. ಅದು 2023ರಲ್ಲಿ ಜನವರಿ 6ಕ್ಕೆ ಬಂದಿತ್ತು. ಆ ವರ್ಷ ಅಧಿಕ ಶ್ರಾವಣ, ಅಂದರೆ ಚಂದ್ರನ ವರ್ಷವನ್ನು ಸೂರ್ಯನ ವರ್ಷಕ್ಕೆ ಸರಿಹೊಂದಿಸಲು ಸೇರಿಸುವ ಹೆಚ್ಚುವರಿ ತಿಂಗಳು ಬಂದುದರಿಂದ 2024ರಲ್ಲಿ ಜನವರಿ 25ಕ್ಕೆ ನೆಗೆಯಿತು. 2025ರಲ್ಲಿ 13ಕ್ಕೆ, 2026ರಲ್ಲಿ 3ಕ್ಕೆ ಹಿಂದೆ ಸರಿಯಿತು. ಚೌಕದ ಸಂಪಾದಕನಿಗೆ ಇದು ನಾಲ್ಕು ಬೇರೆ ಬೇರೆ ದಿನಗಳ ಘಟನೆ, ತೇರಿನ ಹಗ್ಗ ಹಿಡಿಯುವವನಿಗೆ ಪ್ರತಿವರ್ಷದ ಅದೇ ದಿನ. ಜಾತ್ರೆಯಲ್ಲಿ ಬೀಡುಬಿಟ್ಟು ವಾರಗಟ್ಟಲೆ ಪ್ರದರ್ಶನ ನೀಡುವ ವೃತ್ತಿ ನಾಟಕ ಕಂಪನಿಗಳು ಕೂಡ ತಮ್ಮ ವರ್ಷದ ಗಳಿಕೆಯ ಲೆಕ್ಕವನ್ನು ಹುಣ್ಣಿವಿಯಿಂದಲೇ ಹಾಕುತ್ತವೆಯೇ ಹೊರತು ಜನವರಿಯಿಂದಲ್ಲ.

ಮೂರನೆಯ ಗುಹೆಗೆ ಮರಳಿದರೆ, ಅಲ್ಲಿಯೇ ಮಂಗಲೇಶನ ಪುಟ್ಟ ಕನ್ನಡ ಶಾಸನವೊಂದಿದೆ. ಕಲ್ಲಿನ ಮನೆಯೆಂದು ಅದು ಕರೆಯುವ ಗುಹಾಲಯಕ್ಕೆ ಲಂಜಿಗೇಸರವೆಂಬ ಊರನ್ನು ಬಿಟ್ಟುದನ್ನೂ ಹೂಮಾಲೆ ಕಟ್ಟುವವರ ಪಾಲನ್ನೂ ಅದು ದಾಖಲಿಸುತ್ತದೆ. ಕೊನೆಗೆ ಈ ದತ್ತಿಯನ್ನು ಕೆಡಿಸಿದವನಿಗೆ ಪಂಚಮಹಾಪಾತಕ ತಗಲುವುದೆಂದೂ, ಅವನು ಏಳನೆಯ ನರಕದಲ್ಲಿ ಹುಳುವಾಗುವನೆಂದೂ ಎಚ್ಚರಿಸುತ್ತದೆ. ಶಾಸನಗಳ ಕೊನೆಯಲ್ಲಿ ಬರುವ ಇಂಥ ಶಾಪವಾಕ್ಯಗಳನ್ನು ‘ಶಾಪಾಶಯ’ ಎನ್ನುತ್ತಾರೆ. ಮೇಲ್ಮನವಿಗೆ ಅವಕಾಶವಿಲ್ಲದ, ಜಾರಿಯ ದಿನಾಂಕವೂ ಇಲ್ಲದ ಈ ತೀರ್ಪು ಕಂದಾಯ ಇಲಾಖೆಯ ಯಾವ ನೋಟಿಸಿಗಿಂತಲೂ ಸಂಕ್ಷಿಪ್ತವಾಗಿದೆ. ನರಕದ ಅಂತಸ್ತನ್ನು ಇಷ್ಟು ನಿಖರವಾಗಿ ನಮೂದಿಸಿದ ಶಾಸನಕಾರನು ಅಪರಾಧಿಯ ಮುಂದಿನ ಜನ್ಮದ ಜಾತಿಯನ್ನೂ ಗೊತ್ತುಮಾಡಿಟ್ಟನೆಂಬುದು ಗಮನಾರ್ಹ.

ದಿನದ ವಿವಾದಕ್ಕೆ ಆಕಾಶವೇ ತೆರೆ ಎಳೆದ ನಿದರ್ಶನ ಪಟ್ಟದಕಲ್ಲಿನಲ್ಲಿದೆ. ಗಂಗೆಯ ಉತ್ತರ ತೀರದ ನಾಡಿನಿಂದ ಬಂದ ಜ್ಞಾನಶಿವಾಚಾರ್ಯನೆಂಬ ಶೈವ ಯತಿ ಅಲ್ಲಿ ತ್ರಿಶೂಲದ ಕಂಬವೊಂದನ್ನು ನಿಲ್ಲಿಸಿದ. ಎರಡನೆಯ ಕೀರ್ತಿವರ್ಮನ ಕಾಲದ ಅದರ ಶಾಸನವು ಶ್ರಾವಣ ಅಮಾವಾಸ್ಯೆಯ ಸೂರ್ಯಗ್ರಹಣವನ್ನು ಹೆಸರಿಸುವುದರಿಂದ, ಶಾಸನತಜ್ಞ ಜೆ.ಎಫ್. ಫ್ಲೀಟ್ ಅದನ್ನು 754ರ ಜೂನ್ 25ಕ್ಕೆ ಹೊಂದಿಸಿದ. ಗ್ರಹಣವನ್ನು ಹಿಂದಕ್ಕೆ ಲೆಕ್ಕ ಹಾಕಬಹುದಾದ್ದರಿಂದ ಇಂಥ ತಾರೀಖುಗಳು ಇತಿಹಾಸಕಾರರಿಗೆ ಪ್ರಿಯವಾದವು. ಇನ್ನೊಂದು ವಿಶೇಷವೆಂದರೆ, ಈ ಕಂಬದ ಮೇಲೆ ಒಂದೇ ಸಂಸ್ಕೃತ ಪಾಠವನ್ನು ಉತ್ತರದ ಲಿಪಿಯಲ್ಲೊಮ್ಮೆ, ದಕ್ಷಿಣದ ಲಿಪಿಯಲ್ಲೊಮ್ಮೆ ಕೊರೆಯಲಾಗಿದೆ. ಫಲಕಗಳ ಮೇಲೆ ಯಾವ ಲಿಪಿ ಇರಬೇಕೆಂಬ ಜಗಳಕ್ಕೆ ಎಂಟನೆಯ ಶತಮಾನದ ಪಟ್ಟದಕಲ್ಲು ಎರಡೂ ಇರಲಿ ಎಂದು ಪರಿಹಾರ ಸೂಚಿಸಿತ್ತು. ಅದರ ಕೂಲಿ ಯಾರು ಕೊಟ್ಟರೆಂಬುದೊಂದು ತಿಳಿಯದು.

ಇನ್ನು ದಿನವನ್ನು ಮರೆತವರು. ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುಟಿ ಬಸದಿಯ ಗೋಡೆಯಲ್ಲಿರುವ ರವಿಕೀರ್ತಿಯ ಶಾಸನವು ಇಮ್ಮಡಿ ಪುಲಕೇಶಿಯ ದಿಗ್ವಿಜಯಗಳಿಗೆ, ಹರ್ಷವರ್ಧನನ ಸೋಲಿಗೆ ಮುಖ್ಯ ಆಧಾರ. ಅದರ ಕವಿ ಕಾಲಗಣನೆಯಲ್ಲಿ ಜಿಪುಣನಲ್ಲ: ಭಾರತ ಯುದ್ಧದಿಂದ ಈಚೆಗೆ 3735 ವರ್ಷಗಳೂ ಶಕರಾಜರ ಕಾಲದಲ್ಲಿ 556 ವರ್ಷಗಳೂ ಕಳೆದಿವೆಯೆಂದು ಎರಡೆರಡು ಲೆಕ್ಕ ಕೊಡುತ್ತಾನೆ, ಅಂದರೆ 634-35. ಕುರುಕ್ಷೇತ್ರದವರೆಗೆ ಮೂರೂಮುಕ್ಕಾಲು ಸಾವಿರ ವರ್ಷ ಹಿಂದಕ್ಕೆ ಎಣಿಸಿದವನು ತಾನು ಬಸದಿ ಕಟ್ಟಿಸಿದ್ದು ಯಾವ ತಿಂಗಳಲ್ಲೆಂದು ಮಾತ್ರ ಹೇಳಲಿಲ್ಲ. ಬದಲಿಗೆ ತನ್ನ ಕವಿಕೀರ್ತಿ ಕಾಳಿದಾಸ, ಭಾರವಿಗಳಿಗೆ ಸಮಾನವೆಂದು ಸೇರಿಸಿದ. ಈ ಆತ್ಮಪ್ರಶಂಸೆಯ ಗತಿ ವಿನೋದಕರವಾಗಿದೆ. ರವಿಕೀರ್ತಿಯ ಇತರ ಕೃತಿಗಳಾವುವೂ ಸಿಕ್ಕಿಲ್ಲ, ಆದರೆ ಕಾಳಿದಾಸ 634ಕ್ಕಿಂತ ಮುಂಚೆ ಇದ್ದನೆಂದು ಸಾಧಿಸಲು ಸಾಹಿತ್ಯ ಚರಿತ್ರಕಾರರೆಲ್ಲರೂ ರವಿಕೀರ್ತಿಯ ಬಾಗಿಲಿಗೇ ಬರಬೇಕು. ಸಾಕ್ಷಿಯಾಗಿ ಕರೆದ ಹೆಸರುಗಳಿಗೆ ಅವನೇ ಸಾಕ್ಷಿಯಾಗಿ ಉಳಿದ. ಐಹೊಳೆಯದೇ ಇನ್ನೊಂದು ಶಾಸನವು ನರಸೊಬ್ಬನೆಂಬ ಶಿಲ್ಪಿಯನ್ನು ಕುರಿತು, ಮನೆ ಮತ್ತು ದೇಗುಲಗಳನ್ನು ಕಟ್ಟುವುದರಲ್ಲಿ ಅವನಂಥವನು ಜಂಬೂದ್ವೀಪದಲ್ಲಿ ಹಿಂದೆ ಇರಲಿಲ್ಲ, ಮುಂದೆ ಹುಟ್ಟುವುದೂ ಇಲ್ಲವೆಂದು ಸಾರುತ್ತದೆ. ಜಾಹೀರಾತು ಫಲಕದ ಎಲ್ಲ ಲಕ್ಷಣಗಳೂ ಅಲ್ಲಿವೆ, ದಿನವೊಂದಿಲ್ಲ. ಬಾದಾಮಿಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನವು ಕ್ರಿ.ಶ. 700ರ ಆಸುಪಾಸಿನದೆಂದು ಊಹಿಸಲಾಗಿರುವುದು ಅದರ ಅಕ್ಷರಗಳ ರೂಪದಿಂದ. ಅದರ ತ್ರಿಪದಿಗಳು ಅವನ ಸ್ವಭಾವವನ್ನು, ಕೆಣಕಿದವರ ಮೇಲಿನ ಅವನ ಸಿಟ್ಟನ್ನು ಬಣ್ಣಿಸುತ್ತವೆಯೇ ಹೊರತು ಅವನು ಯಾವ ದಿನ ಏನು ಮಾಡಿದನೆಂದು ತಿಳಿಸುವುದಿಲ್ಲ; ಸಿಟ್ಟಿನ ಖ್ಯಾತಿ ಉಳಿದು ಸಿಟ್ಟಿನ ಕಾರಣ ಅಳಿಸಿಹೋದ ಮನುಷ್ಯ ಅವನು.

ಪರರ ಗೋಡೆಯ ಮೇಲೆ ಬರೆಯುವ ಅಭ್ಯಾಸವೂ ಆ ಕಾಲದ್ದೇ. 642ರ ಸುಮಾರಿಗೆ ಬಾದಾಮಿಯನ್ನು ಗೆದ್ದ ಪಲ್ಲವ ನರಸಿಂಹವರ್ಮ ಅಲ್ಲಿನ ಬಂಡೆಯ ಮೇಲೆಯೇ ತನ್ನ ಶಾಸನ ಕೊರೆಯಿಸಿದ. 733ರಿಂದ 744ರವರೆಗೆ ಆಳಿದ ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯ ಪಲ್ಲವರ ಕಂಚಿಯನ್ನು ಗೆದ್ದಾಗ ಅದಕ್ಕೆ ಪ್ರತಿಯಾಗಿ ಅಲ್ಲಿನ ಕೈಲಾಸನಾಥ ದೇವಾಲಯದಲ್ಲಿ ಕನ್ನಡದಲ್ಲಿ ಬರೆಯಿಸಿದ. ದೇವರ ಐಶ್ವರ್ಯವನ್ನು ನೋಡಿ ಅದನ್ನು ದೇವರಿಗೇ ಹಿಂದಿರುಗಿಸಿದೆನೆಂಬುದು ಅದರ ತಾತ್ಪರ್ಯ. ದಂಡೆತ್ತಿ ಹೋಗಿ ಖಜಾನೆ ಪರಿಶೀಲಿಸಿ, ಲೆಕ್ಕ ಸರಿಯಿದೆಯೆಂದು ಷರಾ ಬರೆದು ಬಂದ ರಾಜ ಲೆಕ್ಕಪರಿಶೋಧಕರ ಕುಲದೈವವಾಗಲು ಯೋಗ್ಯನಾಗಿದ್ದಾನೆ.

ಇವೆಲ್ಲಕ್ಕಿಂತ ವಿಚಿತ್ರವಾದ, ಆದರೆ ಚೌಕಕ್ಕೆ ಎಂದೂ ಹೊಂದದ ಘಟನೆ ಬಾದಾಮಿಯಲ್ಲಿ ನಡೆದದ್ದು ಬ್ರಿಟಿಷರ ಕಾಲದಲ್ಲಿ. 1818ರಲ್ಲಿ ಥಾಮಸ್ ಮನ್ರೋ ಬಾದಾಮಿಯ ಕೋಟೆಯನ್ನು ಪೇಶ್ವೆಯ ಕಡೆಯವರಿಂದ ಕಸಿದುಕೊಂಡ ಮೇಲೆ ಅಲ್ಲಿನ ಆಳ್ವಿಕೆ ಈಸ್ಟ್ ಇಂಡಿಯಾ ಕಂಪನಿಯದಾಗಿತ್ತು, ಕೋಟೆಗೆ ಹೇಳಿಕೊಳ್ಳುವ ಕೆಲಸ ಉಳಿದಿರಲಿಲ್ಲ. 1840-41ರ ಹೊತ್ತಿಗೆ ನರಸಿಂಹ ದತ್ತಾತ್ರೇಯ ಪೇಟಕರನೆಂಬ ಕುರುಡ ಬ್ರಾಹ್ಮಣನೊಬ್ಬ ನೂರಕ್ಕೂ ಮೇಲ್ಪಟ್ಟ ಅರಬರೊಂದಿಗೆ ನಿಜಾಮನ ಸೀಮೆಯಿಂದ ಬಂದು ಬಾದಾಮಿಯನ್ನು ವಶಪಡಿಸಿಕೊಂಡ. ಅರಬರೆಂದರೆ ಇಲ್ಲಿ ಸಂಬಳಕ್ಕೆ ಕಾದಾಡುತ್ತಿದ್ದ ಸೈನಿಕರು. ಹೈದರಾಬಾದು ಸಂಸ್ಥಾನದಲ್ಲಿ ಅಂಥವರು ಆ ಕಾಲದಲ್ಲಿ ಬಹಳ ಮಂದಿ ಇದ್ದರು. ಪೇಟಕರನು ಕೋಟೆಯ ಮೇಲೆ ತನ್ನ ಬಾವುಟ ಏರಿಸಿ, ತಾನು ಸತಾರಾದ ದೊರೆ ನರಸಿಂಗ ಛತ್ರಪತಿಯೆಂದು ಘೋಷಿಸಿಕೊಂಡ. ಸರ್ಕಾರಿ ಖಜಾನೆಯನ್ನೂ ಪೇಟೆಯನ್ನೂ ಲೂಟಿ ಮಾಡಿ ಮಾಲಿನೊಂದಿಗೆ ನಿಜಾಮನ ಸೀಮೆಗೆ ಹಿಂದಿರುಗಿದ.

ಕಥೆ ಇಲ್ಲಿಗೆ ಮುಗಿದಿದ್ದರೆ ಅದು ಲೂಟಿಕೋರನೊಬ್ಬನ ಸಾಧಾರಣ ವೃತ್ತಾಂತವಾಗುತ್ತಿತ್ತು. ಆದರೆ ಛತ್ರಪತಿ ಮರಳಿ ಬಂದ. ಲೂಟಿ ಮಾಡಿ ಗಡಿ ದಾಟಿ ಪಾರಾದವನು ಲೂಟಿಯಾದ ಊರಿಗೇ ವಾಪಸಾಗುವುದು ಕಳ್ಳತನದ ಶಾಸ್ತ್ರಕ್ಕೆ ವಿರುದ್ಧವಾದುದು. ಅದು ರಾಜ್ಯಶಾಸ್ತ್ರಕ್ಕೆ ಮಾತ್ರ ಸರಿಹೊಂದುತ್ತದೆ. ಬಂದವನು ರೈತರಿಗೆ ಭೂಮಿ ಹಂಚಲು ತೊಡಗಿದನೆಂದು ಬ್ರಿಟಿಷರ ದಾಖಲೆಗಳೇ ಹೇಳುತ್ತವೆ. ಖಜಾನೆ ಬರಿದಾದ ಮೇಲೆ ಜಮೀನು ಹಂಚುವ ಯೋಜನೆ ಪ್ರಕಟಿಸುವ ಈ ಕ್ರಮ ಅನಂತರದ ಕಾಲದಲ್ಲಿ ಹೆಚ್ಚು ಪ್ರಚಾರಕ್ಕೆ ಬಂದಿತೆಂಬುದನ್ನು ಬಿಟ್ಟರೂ, ಕುರುಡನೊಬ್ಬ ಕಾಣದ ಹೊಲಗಳನ್ನು ಕಾಣದ ರೈತರಿಗೆ, ತನ್ನದಲ್ಲದ ರಾಜ್ಯದಿಂದ ತೆಗೆದು ಕೊಡುತ್ತಿದ್ದ ಆ ಕೆಲವು ದಿನಗಳ ದರ್ಬಾರು ಯಾವ ಕಂಪನಿ ನಾಟಕಕ್ಕೂ ಕಡಿಮೆಯದಲ್ಲ. ಬಹುಬೇಗ ಕಂಪನಿಯ ಪಡೆ ಬಂದು ಕೋಟೆಯನ್ನು ಹಿಡಿಯಿತು, ಛತ್ರಪತಿಯೂ ಅನುಚರರೂ ಸೆರೆಯಾದರು. ವಿಚಾರಣೆಯಾಗಿ ಅವನಿಗೆ ಜೀವಾವಧಿ ಗಡೀಪಾರಿನ ಶಿಕ್ಷೆ ವಿಧಿಸಲಾಯಿತು.

ನಗುವಿನ ನಡುವೆ ಗಮನಿಸಬೇಕಾದ ಅಂಶವೊಂದಿದೆ. ಬಾದಾಮಿಯಲ್ಲಿ ನಿಂತು ಸತಾರಾದ ಕಿರೀಟವನ್ನು ಕೇಳಿದ್ದು ಹುಚ್ಚುತನದಂತೆ ಕಂಡರೂ, ಆ ಕಿರೀಟ ಆಗತಾನೇ ಕೈ ಬದಲಾಯಿಸಿತ್ತು. ಶಿವಾಜಿಯ ವಂಶದ ಪ್ರತಾಪಸಿಂಹನನ್ನು ಕಂಪನಿಯು 1839ರ ಸೆಪ್ಟೆಂಬರಿನಲ್ಲಿ ಪಟ್ಟದಿಂದ ಇಳಿಸಿ, ಅವನ ತಮ್ಮ ಶಹಾಜಿಯನ್ನು ಕೂರಿಸಿ, ಪ್ರತಾಪಸಿಂಹನನ್ನು ಕಾಶಿಗೆ ಸಾಗಿಸಿತ್ತು. ಒಬ್ಬ ದೊರೆಯನ್ನು ಕಾಗದದ ಮೇಲೆ ಇಳಿಸಿ ಇನ್ನೊಬ್ಬನನ್ನು ಕಾಗದದ ಮೇಲೆಯೇ ಏರಿಸಬಹುದಾದರೆ, ಮೂರನೆಯವನೊಬ್ಬ ಬಾವುಟದ ಬಲದಿಂದ ಏರುವುದು ಅಷ್ಟೇನೂ ಅಸಂಗತವಲ್ಲವೆಂದು ಪೇಟಕರನಿಗೆ ತೋರಿದ್ದರೆ ಆಶ್ಚರ್ಯವಿಲ್ಲ. ಇಬ್ಬರ ನಡುವಿನ ಭೇದವೆಂದರೆ ಕಂಪನಿಯ ಪಟ್ಟಾಭಿಷೇಕಕ್ಕೆ ತಾರೀಖು ಉಂಟು, ಪೇಟಕರನದಕ್ಕೆ ಇಲ್ಲ. 1884ರ ಬಿಜಾಪುರ ಗೆಜೆಟಿಯರಿನಲ್ಲಿ, ಅಂದರೆ ಜಿಲ್ಲೆಯ ಭೂಗೋಳ, ಬೆಳೆ, ಇತಿಹಾಸಗಳನ್ನು ಅಧಿಕಾರಿಗಳ ಬಳಕೆಗೆಂದು ಒಟ್ಟುಗೂಡಿಸಿದ ಸರ್ಕಾರಿ ಗ್ರಂಥದಲ್ಲಿ, ಅವನಿಗೆ ದೊರೆತಿರುವುದು ವರ್ಷದ ಆಸರೆಯ ಕೆಲವೇ ವಾಕ್ಯಗಳು.

ನಗುವಿಗೆ ಎಡೆಯಿಲ್ಲದ ತಾರೀಖುಗಳನ್ನು ಅದೇ ಕಂಪನಿ ಎಷ್ಟು ಅಚ್ಚುಕಟ್ಟಾಗಿ ಕಾಯ್ದಿಟ್ಟಿತೆಂಬುದಕ್ಕೆ ಮುಧೋಳ ಸೀಮೆಯ ಹಲಗಲಿ ಸಾಕ್ಷಿ. ನಿಶ್ಶಸ್ತ್ರೀಕರಣ ಕಾಯಿದೆಯನ್ನು ಧಿಕ್ಕರಿಸಿದ ಅಲ್ಲಿನ ಬೇಡರ ಮೇಲೆ 1857ರ ನವೆಂಬರ್ 29 ಮತ್ತು 30ರಂದು ದಾಳಿ ನಡೆಯಿತು, ಸೆರೆಸಿಕ್ಕವರಲ್ಲಿ ಹಲವರನ್ನು ಡಿಸೆಂಬರ್ 11ರಂದು ಮುಧೋಳದಲ್ಲಿ, 14ರಂದು ಹಲಗಲಿಯಲ್ಲಿ ನೇಣಿಗೇರಿಸಲಾಯಿತು. ಶಿಕ್ಷೆಗೆ ಕಡತ ಬೇಕು, ಕಡತಕ್ಕೆ ದಿನ ಬೇಕು.

ಸ್ವಾತಂತ್ರ್ಯಾನಂತರ ಈ ಶ್ರದ್ಧೆ ಸಮಾರಂಭಗಳಿಗೆ ವರ್ಗಾವಣೆಯಾಯಿತು. ಕೃಷ್ಣಾ ಮೇಲ್ದಂಡೆ ಯೋಜನೆಗೆ ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರ ಮೇ 22ರಂದು. ಆಗ ಅವರು ಕೇಂದ್ರದಲ್ಲಿ ಖಾತೆಯಿಲ್ಲದ ಮಂತ್ರಿ, ಅಂದರೆ ಸಂಪುಟದಲ್ಲಿದ್ದೂ ನಿರ್ದಿಷ್ಟ ಇಲಾಖೆ ಇಲ್ಲದವರು. ಐದು ದಿನಗಳಲ್ಲಿ ನೆಹರೂ ತೀರಿಕೊಂಡರು, ಜೂನ್ 9ರಂದು ಶಾಸ್ತ್ರಿಯವರೇ ಪ್ರಧಾನಿಯಾದರು. ಅಡಿಗಲ್ಲು ಇಟ್ಟವರು ಇಲಾಖೆಯಿಲ್ಲದವರಿಂದ ಎಲ್ಲ ಇಲಾಖೆಗಳ ಮೇಲಿನವರಾಗಲು ಮೂರು ವಾರವೂ ಹಿಡಿಯಲಿಲ್ಲ, ಅಣೆಕಟ್ಟು ಪೂರ್ಣವಾಗಲು ಸುಮಾರು ನಾಲ್ಕು ದಶಕ ಹಿಡಿಯಿತು. ಅದರ ಹಿನ್ನೀರಿಗೆ ಹಳೆ ಬಾಗಲಕೋಟೆಯ ಬಹುಭಾಗ ಸಿಕ್ಕಿ, ಜನ ಮುಳುಗಡೆ ಸಂತ್ರಸ್ತರೆಂಬ ಹೆಸರು ಹೊತ್ತು ನವನಗರದ ಸೆಕ್ಟರುಗಳಿಗೆ ಹೋದರು. ಅಡಿಗಲ್ಲಿಗೆ ಒಂದು ದಿನವಿದೆ, ಮುಳುಗಡೆಗೆ ಇಲ್ಲ. ನೀರು ಓಣಿಯಿಂದ ಓಣಿಗೆ, ವರ್ಷದಿಂದ ವರ್ಷಕ್ಕೆ ಏರಿದ್ದರಿಂದ ಯಾವ ಮುಂಜಾವನ್ನು ಮುಳುಗಿದ ದಿನವೆನ್ನಬೇಕೆಂದು ಗೊತ್ತುಮಾಡುವುದು ಸಾಧ್ಯವಿಲ್ಲ. ಜೆ.ಎಚ್. ಪಟೇಲರ ಸರ್ಕಾರ ರಚಿಸಿದ ಏಳು ಹೊಸ ಜಿಲ್ಲೆಗಳಲ್ಲೊಂದಾಗಿ ಬಾಗಲಕೋಟೆ ಅಸ್ತಿತ್ವಕ್ಕೆ ಬಂದುದು 1997ರ ಆಗಸ್ಟ್ 15ರಂದು. ದಿನವೇನೋ ಸ್ಮರಣೀಯವಾದುದು, ಆದರೆ ದೇಶದ ಹುಟ್ಟುಹಬ್ಬದಂದೇ ಹುಟ್ಟಿದ ಜಿಲ್ಲೆಗೆ ಪ್ರತ್ಯೇಕ ಲಾಡು ದೊರೆಯುವ ಸಂಭವ ಕಡಿಮೆ.

ವಿಚಿತ್ರವೂ ಆಗಿದ್ದು ತಾರೀಖನ್ನೂ ಪಡೆದ ಅಪರೂಪದ ಸಂಗತಿ ಇಳಕಲ್ಲಿನದು. ಚಿತ್ತರಗಿ-ಇಳಕಲ್ಲ ಸಂಸ್ಥಾನ ಮಠದ ಮಹಾಂತ ಸ್ವಾಮೀಜಿ 1975ರಲ್ಲಿ ಜೋಳಿಗೆ ಹಿಡಿದು ಮನೆಮನೆಗೆ ಹೊರಟಾಗ ಬೇಡಿದ್ದು ಜೋಳವನ್ನಲ್ಲ, ದುಶ್ಚಟಗಳನ್ನು. ಬೀಡಿ, ತಂಬಾಕು, ಸಾರಾಯಿಗಳ ಚಟವನ್ನು ಬಿಡುವೆನೆಂದು ಒಪ್ಪಿದವನು ಆ ಚಟವನ್ನು ಜೋಳಿಗೆಗೆ ಹಾಕಬೇಕು. ‘ಮಹಾಂತ ಜೋಳಿಗೆ’ ಎಂದು ಹೆಸರಾದ ಈ ಭಿಕ್ಷೆಯಲ್ಲಿ ಕೊಟ್ಟವನು ಲಾಭ ಪಡೆದು, ಪಡೆದವನಿಗೆ ಬಳಸಲಾಗದ ವಸ್ತು ಉಳಿಯುತ್ತಿದ್ದುದು ಭಿಕ್ಷೆಯ ಅರ್ಥಶಾಸ್ತ್ರದಲ್ಲಿ ಹೊಸ ಅಧ್ಯಾಯವೆನ್ನಬೇಕು. ಮಂಗಲೇಶ ತಪ್ಪಿದವನನ್ನು ಏಳನೆಯ ನರಕಕ್ಕೆ ಕಳುಹಿಸಿದ್ದರೆ, ಇಳಕಲ್ಲಿನ ಸ್ವಾಮೀಜಿ ತಪ್ಪನ್ನೇ ಕೇಳಿ ಪಡೆದು ಹೊತ್ತುಕೊಂಡು ಹೋದರು. 1930ರ ಆಗಸ್ಟ್ 1ರಂದು ಹುಟ್ಟಿದ ಅವರು 2018ರಲ್ಲಿ ಲಿಂಗೈಕ್ಯರಾದರು, ಅವರ ಜನ್ಮದಿನವನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಕಾಕತಾಳೀಯವೆಂದರೆ, ಇಂಗ್ಲೆಂಡಿನಲ್ಲಿ ಜೋಸೆಫ್ ಪ್ರೀಸ್ಟ್ಲಿ ಪಾದರಸದ ಭಸ್ಮವನ್ನು ಕಾಯಿಸಿ ಆಮ್ಲಜನಕವನ್ನು ಬೇರ್ಪಡಿಸಿದ್ದೂ 1774ರ ಆಗಸ್ಟ್ 1ರಂದೇ. ಶುದ್ಧ ಗಾಳಿಗೆ ಸಂಬಂಧಿಸಿದ ಎರಡು ಸುದ್ದಿಗಳು ಒಂದೇ ಚೌಕದಲ್ಲಿ ಒಂದರ ಕೆಳಗೊಂದು ಕೂರಬಹುದು. ಅದೇ ಪುಟದ ತಳದಲ್ಲಿ ಪಾನ್ ಮಸಾಲೆಯ ಜಾಹೀರಾತು ಬಾರದಂತೆ ನೋಡಿಕೊಳ್ಳುವುದು ಸಂಪಾದಕರ ಕೈಯಲ್ಲಿಲ್ಲ, ಜಾಹೀರಾತು ವಿಭಾಗದ ಕೈಯಲ್ಲಿದೆ.